ಸೈಬೀರಿಯದಿಂದ ವಾರಾಂತ್ಯದ ಶಿಬಿರಕ್ಕೆ

ಆತ್ಮಗಳೊಡನೆ ವ್ಯವಹರಿಸುವ ಷಾಮನರು ಪಶ್ಚಿಮವನ್ನು ಹೊಕ್ಕಿದ್ದು ಪುಸ್ತಕಗಳ ಮೂಲಕ. 1692ರಲ್ಲಿ ಡಚ್ಚರ ನಿಕೊಲಾಸ್ ವಿಟ್ಸೆನ್ ಅಚ್ಚು ಹಾಕಿಸಿದ ಚಿತ್ರದಲ್ಲಿ ಸೈಬೀರಿಯದ ಷಾಮನನ ತಲೆಗೆ ಕೊಂಬು, ಕಾಲಿಗೆ ಪ್ರಾಣಿಯ ಪಂಜ. ಅವನನ್ನು ದೆವ್ವದ ಪೂಜಾರಿ ಎಂದೇ ಕರೆಯಲಾಗಿತ್ತು. ಮುಂದಿನ ಶತಮಾನದಲ್ಲಿ ರಷ್ಯದ ರಾಣಿ ಕ್ಯಾಥರೀನ್ ಷಾಮನನನ್ನು ಲೇವಡಿ ಮಾಡಿ ನಾಟಕವನ್ನೇ ಬರೆದಳು.

ಈ ಗೇಲಿಯನ್ನು ಗೌರವವಾಗಿ ತಿರುಗಿಸಿದವನು ಧರ್ಮಗಳ ಇತಿಹಾಸಕಾರ ಮಿರ್ಚಾ ಎಲಿಯಾಡೆ. ಫ್ರೆಂಚ್‌ನಲ್ಲಿ 1951ರಲ್ಲಿ ಬಂದ ಅವನ ಗ್ರಂಥದ ಪ್ರಕಾರ ಷಾಮನನ ಆತ್ಮ ಮೈ ಬಿಟ್ಟು ಮೇಲಿನ, ಕೆಳಗಿನ ಲೋಕಗಳಿಗೆ ಹೋಗಿ ಬರುತ್ತದೆ. (ನಮ್ಮ ಕರಾವಳಿಯ ಕೋಲದಲ್ಲಿ ದೈವವೇ ಮೈಮೇಲೆ ಬರುತ್ತದೆ, ಎಲಿಯಾಡೆ ಅಂಥದ್ದಕ್ಕೆ ಎರಡನೆಯ ಸ್ಥಾನ ಕೊಟ್ಟ.) ಷಾಮನರ ನಡುವೆ ಬದುಕಿ ನೋಡದೆ, ಗ್ರಂಥಾಲಯದಲ್ಲಿ ಕೂತು ಕಟ್ಟಿದ ಚಿತ್ರ ಇದು. ಆದರೂ ಪಶ್ಚಿಮದ ಕಲ್ಪನೆಯಲ್ಲಿ ಇದೇ ನೆಲೆನಿಂತಿತು.

1957ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಗಾರ್ಡನ್ ವಾಸನ್ ಮೆಕ್ಸಿಕೋದಲ್ಲಿ ಅಮಲಿನ ಅಣಬೆ ತಿಂದು ನಡೆಸುವ ಜಾಗರಣೆಯ ಬಗ್ಗೆ ಬರೆದ. ಅದನ್ನು ನಡೆಸಿಕೊಟ್ಟ ಮಜಾಟೆಕ್ ಹೆಂಗಸು ಮರಿಯಾ ಸಬೀನಾಗೆ ಅಣಬೆ ಇದ್ದದ್ದು ರೋಗಿಗಳಿಗಾಗಿ. ಆಮೇಲೆ ಹಿಂಡುಹಿಂಡಾಗಿ ಬಂದವರಿಗೆ ಬೇಕಿದ್ದದ್ದು ದೇವದರ್ಶನ. ಊರಿನ ನೆಮ್ಮದಿ ಕೆಟ್ಟಿತು, ಅವಳ ಮನೆಗೆ ಬೆಂಕಿ ಬಿತ್ತು. 1968ರಲ್ಲಿ ಕಾರ್ಲೋಸ್ ಕಾಸ್ಟನೇಡಾ ಬರೆದ, ಡಾನ್ ಹುವಾನ್ ಎಂಬ ತನ್ನ ಗುರುವಿನ ಕತೆ ಭರ್ಜರಿಯಾಗಿ ಮಾರಾಟವಾಯಿತು. ಆ ಗುರುವನ್ನು ಬೇರೆ ಸಂಶೋಧಕರು ಯಾರೂ ಕಂಡಿಲ್ಲ.

ಪಶ್ಚಿಮದ ಷಾಮನಿಸಂಗೆ ಇಂದಿನ ರೂಪ ಕೊಟ್ಟವನು ಮಾನವಶಾಸ್ತ್ರಜ್ಞ ಮೈಕೆಲ್ ಹಾರ್ನರ್. ಪೆರುವಿನ ಕೊನಿಬೊ ಜನರೊಂದಿಗೆ ಆಯಾವಾಸ್ಕ ಎಂಬ ಅಮಲಿನ ಕಷಾಯ ಕುಡಿದು ಬಂದವನು, ಕಷಾಯವಿಲ್ಲದೆ ಡೋಲಿನ ಬಡಿತ ಸಾಕೆಂದು ಕಂಡುಕೊಂಡ. 1980ರಲ್ಲಿ ಅವನ ಕೈಪಿಡಿ ಹೊರಬಂತು. ಅದನ್ನು ಅನುಸರಿಸುವ ವಾರಾಂತ್ಯದ ಶಿಬಿರಗಳಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಮಲಗಬೇಕು. ನಿಮಿಷಕ್ಕೆ ಇನ್ನೂರಕ್ಕೂ ಹೆಚ್ಚು ಪೆಟ್ಟಿನ ಡೋಲು ಕೇಳುತ್ತ ಮನಸ್ಸಿನಲ್ಲೇ ಭೂಮಿಯ ಬಿಲವೊಂದರಲ್ಲಿ ಇಳಿದು, ತನಗೆ ಒಲಿದ ಪ್ರಾಣಿಯನ್ನು ಭೇಟಿಯಾಗಬೇಕು. ಹಲವು ಬುಡಕಟ್ಟುಗಳ ವಿಧಿಗಳಿಂದ ಆಯಾ ಸಂಸ್ಕೃತಿಯ ಗುರುತು ಅಳಿಸಿ, ಯಾರು ಬೇಕಾದರೂ ಕಲಿಯಬಹುದಾದ ವಿದ್ಯೆಯನ್ನಾಗಿಸಿದ್ದು ಅವನ ಚಾತುರ್ಯ. ನನಗೆ ತಕರಾರಿರುವುದೂ ಅಲ್ಲೇ. ಸೈಬೀರಿಯದಲ್ಲಿ ಆತ್ಮಗಳ ಕರೆ ಬರುತ್ತಿದ್ದದ್ದು ಕಾಯಿಲೆಯಾಗಿ. ಒಲ್ಲೆ ಎಂದವರಿಗೆ ಪ್ರಾಣಭಯ. ಆ ಆತ್ಮಗಳು ರೋಗ ತರಬಲ್ಲವು, ಬೇಟೆ ತಪ್ಪಿಸಬಲ್ಲವು. ಶಿಬಿರದ ಆತ್ಮಗಳಾದರೋ ಬಹುಪಾಲು ಹಿತೈಷಿಗಳೇ! ಹಾರ್ನರ್‌ನ ಹಾದಿಯ ಸ್ಯಾಂಡ್ರಾ ಇಂಗರ್‌ಮನ್ 1991ರಲ್ಲಿ ಆತ್ಮ ಕಳೆದುಹೋಗುವುದನ್ನು ಮನಸ್ಸಿನ ಆಘಾತದ ಭಾಷೆಯಲ್ಲಿ ವಿವರಿಸಿದಾಗ, ಕುಲದ ಹೊಣೆಯಾಗಿದ್ದದ್ದು ಒಬ್ಬೊಬ್ಬರ ಸ್ವಂತ ಚಿಕಿತ್ಸೆಯಾಯಿತು. ಅದರಿಂದ ನೆಮ್ಮದಿ ಕಂಡವರಿದ್ದಾರೆ, ಅಲ್ಲಗಳೆಯಲಾರೆ.

ತಮ್ಮ ವಿಧಿಗಳನ್ನು ಮಾರಿಕೊಳ್ಳುವವರ ಮೇಲೆ ಅಮೆರಿಕದ ಲಕೋಟಾ ಜನರು 1993ರಲ್ಲಿ ಯುದ್ಧವನ್ನೇ ಸಾರಿದರು. 2009ರಲ್ಲಿ ಅರಿಜೋನದ ಸೆಡೋನಾ ಬಳಿ, ವ್ಯಕ್ತಿತ್ವ ವಿಕಸನದ ಗುರುವೊಬ್ಬ ನಡೆಸಿದ, ಬಿಸಿ ಹಬೆ ತುಂಬಿದ ಬೆವರುಗುಡಿಸಲಿನ ವಿಧಿಯಲ್ಲಿ ಮೂವರು ಸತ್ತರು. ಅವನು ಜೈಲಿಗೆ ಹೋದ.

ಇಷ್ಟಾದರೂ ಒಲವು ಇಳಿದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ತಮ್ಮ ಧರ್ಮ ಷಾಮನಿಸಂ ಎಂದು ಬರೆಸಿದವರು 2011ರಲ್ಲಿ ಸುಮಾರು 650. 2021ರಲ್ಲಿ ಸುಮಾರು 8,000.