ಕ್ಯಾಮ್ ಪಲ್ಲಟಬಿಂದು ಮತ್ತು ರಸ್ತೆ ಚಾಲನೆ: ಹೋಂಡಾ ಬಿ16ಬಿ ಎಂಜಿನ್ನಿನ ನಿದರ್ಶನ

ಸಾರಾಂಶ

ವೇಗಕ್ಕೆ ತಕ್ಕಂತೆ ಕ್ಯಾಮ್ ಬದಲಿಸುವ ಎಂಜಿನ್ನುಗಳಲ್ಲಿ ಆ ಪಲ್ಲಟ ಯಾವ ಆರ್‌ಪಿಎಂನಲ್ಲಿ ಆಗಬೇಕೆಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಪಲ್ಲಟದ ಹೊತ್ತಿಗೆ ಬೆನ್ನಿಗೆ ತಾಗುವ ನೂಕನ್ನು ಚಾಲಕರು ಶಕ್ತಿಯ ಲಕ್ಷಣವೆಂದು ಮೆಚ್ಚುತ್ತಾರೆ. ವಾಸ್ತವದಲ್ಲಿ ಅದು ಪಲ್ಲಟ ತಡವಾಗಿದೆ ಎಂಬುದರ ಸೂಚನೆ ಎಂಬುದು ಇಲ್ಲಿನ ವಾದ.

1. ಹಿನ್ನೆಲೆ

ಹೋಂಡಾದ ವಿಟೆಕ್ ವ್ಯವಸ್ಥೆ 1989ರಲ್ಲಿ ಇಂಟೆಗ್ರಾ ಕಾರಿನ ಬಿ16ಎ ಎಂಜಿನ್ನಿನೊಂದಿಗೆ ಬಂತು. 1,595 ಸಿಸಿಯ ಆ ಎಂಜಿನ್ 160 ಪಿಎಸ್ ಕೊಡುತ್ತಿತ್ತು. 1997ರ ಸಿವಿಕ್ ಟೈಪ್ ಆರ್‌ನ ಬಿ16ಬಿ ಅದೇ ಗಾತ್ರದಲ್ಲಿ 8,200 ಆರ್‌ಪಿಎಂಗೆ 185 ಪಿಎಸ್ ಮುಟ್ಟಿತು. ಎರಡರಲ್ಲೂ ಪ್ರತಿ ಜೋಡಿ ವಾಲ್ವಿಗೆ ಮೂರು ಕ್ಯಾಮ್ ಉಬ್ಬುಗಳಿವೆ. ಕೆಳವೇಗದಲ್ಲಿ ಅಕ್ಕಪಕ್ಕದ ಸಣ್ಣ ಉಬ್ಬುಗಳೇ ವಾಲ್ವುಗಳನ್ನು ಒತ್ತುತ್ತವೆ. ಎಂಜಿನ್ನನ್ನು ನಿಯಂತ್ರಿಸುವ ಗಣಕವಾದ ಇಸಿಯು ಸೊಲೆನಾಯ್ಡ್ ತೆರೆದೊಡನೆ ಆಯಿಲ್ ಒತ್ತಡವು ರಾಕರ್ ಆರ್ಮ್‌ಗಳೊಳಗಿನ ಪಿನ್ನುಗಳನ್ನು ಸರಿಸಿ ಮೂರನ್ನೂ ಒಟ್ಟಿಗೆ ಬಿಗಿಯುತ್ತದೆ. ಅಲ್ಲಿಂದ ಮುಂದೆ ನಡುವಿನ ದೊಡ್ಡ ಉಬ್ಬಿನದೇ ಆಳ್ವಿಕೆ: ವಾಲ್ವ್ ಹೆಚ್ಚು ತೆರೆಯುತ್ತದೆ, ಹೆಚ್ಚು ಹೊತ್ತು ತೆರೆದಿರುತ್ತದೆ.

2. ಎರಡು ರೇಖೆಗಳ ಛೇದನ

ದೊಡ್ಡ ಕ್ಯಾಮ್ ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಮೇಲುವೇಗದಲ್ಲಿ ಗಾಳಿ ತನ್ನ ರಭಸದಿಂದಲೇ ಒಳನುಗ್ಗುವುದರಿಂದ ಈ ತಡ ಲಾಭದಾಯಕ. ಕೆಳವೇಗದಲ್ಲಿ ಮೇಲೇರುವ ಪಿಸ್ಟನ್ ಅದೇ ಗಾಳಿಯನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಹಾಗಾಗಿ ಟಾರ್ಕ್ ಅಳೆಯುವ ಡೈನೊ ಮೇಲೆ ಸಣ್ಣ ಕ್ಯಾಮಿನಲ್ಲಷ್ಟೇ ಒಮ್ಮೆ, ದೊಡ್ಡ ಕ್ಯಾಮಿನಲ್ಲಷ್ಟೇ ಇನ್ನೊಮ್ಮೆ ಓಡಿಸಿದರೆ ಎರಡು ಟಾರ್ಕ್ ರೇಖೆಗಳು ಒಂದೆಡೆ ಕೂಡುತ್ತವೆ. ಪೂರ್ಣ ಥ್ರಾಟಲ್‌ಗೆ ಆ ಛೇದನವೇ ಸರಿಯಾದ ಪಲ್ಲಟಬಿಂದು. ಅದನ್ನು ದಾಟಿದ ಮೇಲೂ ಸಣ್ಣ ಕ್ಯಾಮಿನಲ್ಲೇ ಉಳಿದರೆ ಟಾರ್ಕ್ ಕುಸಿಯುತ್ತಾ ಹೋಗಿ, ಪಲ್ಲಟವಾದಾಗ ಒಮ್ಮೆಲೇ ಜಿಗಿಯುತ್ತದೆ. ನೂಕು ಅನಿಸುವುದು ಈ ಜಿಗಿತವೇ. ಮುಂದಿನ ಚಕ್ರಗಳಿಂದ ಓಡುವ ಕಾರಿಗೆ ಒದ್ದೆ ತಿರುವಿನಲ್ಲಿ ಅದು ಹಿಡಿತ ತಪ್ಪಿಸುವ ಅಪಾಯವೂ ಹೌದು.

ಆದರೆ ಬಿಂದುವನ್ನಷ್ಟೇ ಕೆಳಗಿಳಿಸಿದರೆ ಸಾಲದು. ಈ ಇಸಿಯುಗಳಲ್ಲಿ ಎರಡೂ ಕ್ಯಾಮಿಗೆ ಇಂಧನ ಮತ್ತು ಇಗ್ನಿಷನ್ನಿನ ಬೇರೆ ಬೇರೆ ಕೋಷ್ಟಕಗಳಿವೆ. ಮೂಲ ಬಿಂದುವಿಗಿಂತ ಕೆಳಗಿನ ವೇಗದಲ್ಲಿ ದೊಡ್ಡ ಕ್ಯಾಮಿನ ಕೋಷ್ಟಕ ಬಳಕೆಗೇ ಬಂದಿರುವುದಿಲ್ಲ. ಮೊದಲು ಅದನ್ನು ತಿದ್ದಬೇಕು. ತಿದ್ದದೆ ಎಳೆದ ರೇಖೆಗಳ ಛೇದನ ಸುಳ್ಳು ಹೇಳುತ್ತದೆ.

3. ಗೇರಿನ ಲೆಕ್ಕ

ಬಿ16ಬಿಯ ಮೂಲ ಪಲ್ಲಟಬಿಂದು ಸುಮಾರು 6,100 ಆರ್‌ಪಿಎಂ. ಗೇರ್ ಅನುಪಾತಗಳು ಕ್ರಮವಾಗಿ 3.230, 2.105, 1.458, 1.107, 0.848. 8,200ರಲ್ಲಿ ಗೇರ್ ಬದಲಿಸಿದರೆ ಒಂದರಿಂದ ಎರಡಕ್ಕೆ ಎಂಜಿನ್ ವೇಗ ಸುಮಾರು 5,340ಕ್ಕೆ, ಎರಡರಿಂದ ಮೂರಕ್ಕೆ 5,680ಕ್ಕೆ, ಮೂರರಿಂದ ನಾಲ್ಕಕ್ಕೆ 6,230ಕ್ಕೆ ಇಳಿಯುತ್ತದೆ. ಅಂದರೆ ಮೂರನೇ ಗೇರಿಗೆ ಬಿದ್ದ ಮೇಲೆ 400 ಆರ್‌ಪಿಎಂಗೂ ಹೆಚ್ಚು ದೂರವನ್ನು ಕಾರು ಸಣ್ಣ ಕ್ಯಾಮಿನಲ್ಲೇ ಕ್ರಮಿಸಬೇಕು. ಛೇದನ 5,600ರ ಆಸುಪಾಸಿನಲ್ಲಿ ಸಿಕ್ಕಿದರೆ ಪಲ್ಲಟವನ್ನು ಅಲ್ಲಿಗೆ ಇಳಿಸಿದಾಗ ಈ ಅಂತರ ತುಂಬುತ್ತದೆ. ಛೇದನ ಅದಕ್ಕಿಂತ ಮೇಲಿದ್ದರೆ ಅಷ್ಟು ಕೆಳಗಿಳಿಸಿ ಪ್ರಯೋಜನವಿಲ್ಲ, ನಷ್ಟವೇ.

4. ಭಾಗಶಃ ಥ್ರಾಟಲ್

ಡೈನೊ ಸಾಮಾನ್ಯವಾಗಿ ಪೂರ್ಣ ಥ್ರಾಟಲ್ಲಿನ ಕಥೆ ಹೇಳುತ್ತದೆ. ರಸ್ತೆಯಲ್ಲಿ ಪೆಡಲು ಅಪರೂಪಕ್ಕೆ ತಳ ಮುಟ್ಟುತ್ತದೆ. ಕಡಿಮೆ ತೆರೆದ ಥ್ರಾಟಲ್ಲಿನಲ್ಲಿ ಗಾಳಿಯನ್ನು ತಡೆಯುವುದು ಥ್ರಾಟಲ್ಲೇ ಹೊರತು ವಾಲ್ವಲ್ಲ. ದೊಡ್ಡ ಕ್ಯಾಮಿನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವುಗಳು ಒಟ್ಟಿಗೆ ತೆರೆದಿರುವ ಅವಧಿ ಹೆಚ್ಚು. ಮ್ಯಾನಿಫೋಲ್ಡಿನ ನಿರ್ವಾತವು ಸುಟ್ಟ ಅನಿಲವನ್ನು ಹಿಂದಕ್ಕೆ ಸೆಳೆದು ದಹನ ಕೆಡಿಸುತ್ತದೆ. ಆದ್ದರಿಂದ ಹೊರೆ ಕಡಿಮೆಯಿದ್ದಾಗ ಪಲ್ಲಟಬಿಂದು ಮೇಲಿರಬೇಕು, ಹೊರೆ ಏರಿದಂತೆ ಛೇದನದತ್ತ ಇಳಿಯಬೇಕು. ದೊಡ್ಡ ಕ್ಯಾಮಿಗೆ ಹೋಗುವ ಬಿಂದುವಿಗಿಂತ ಸಣ್ಣದಕ್ಕೆ ಮರಳುವ ಬಿಂದುವನ್ನು 200 ಆರ್‌ಪಿಎಂನಷ್ಟು ಕೆಳಗಿಟ್ಟರೆ, ಏರುದಾರಿಯಲ್ಲಿ ಎಂಜಿನ್ ಅದೇ ವೇಗದಲ್ಲಿ ನಿಂತಾಗ ಕ್ಯಾಮುಗಳ ನಡುವೆ ಹೊಯ್ದಾಡುವುದಿಲ್ಲ. ಎಂಜಿನ್ ಬಿಸಿಯಾಗುವವರೆಗೆ ಪಲ್ಲಟವನ್ನು ತಡೆಯುವ ಮೂಲ ಷರತ್ತನ್ನು ಮುಟ್ಟಬಾರದು.

2001ರ ಇಂಟೆಗ್ರಾ ಟೈಪ್ ಆರ್‌ನ ಕೆ20ಎ ಎಂಜಿನ್ನಿನಲ್ಲಿ ಇನ್‌ಟೇಕ್ ಕ್ಯಾಮಿನ ಕೋನವೂ ಬದಲಾಗುತ್ತದೆ. ಕೋನ ಬದಲಾದರೆ ಛೇದನವೂ ಸರಿಯುತ್ತದೆ. ಅಲ್ಲಿ ಕೋನ ಹೊಂದಿಸಿದ ಮೇಲೆಯೇ ಬಿಂದು ನಿರ್ಧರಿಸಬೇಕು.

5. ತೀರ್ಮಾನ

ಪಲ್ಲಟಬಿಂದುವನ್ನು ಸರಿಪಡಿಸಿದರೆ ಗರಿಷ್ಠ ಶಕ್ತಿ ಒಂದು ಪಿಎಸ್ಸೂ ಏರದು. ಗರಿಷ್ಠ ಶಕ್ತಿ ಬರುವ ವೇಗದಲ್ಲಿ ಹೇಗಿದ್ದರೂ ದೊಡ್ಡ ಕ್ಯಾಮೇ ಕೆಲಸದಲ್ಲಿರುತ್ತದೆ. ಲಾಭ ಇರುವುದು ನಡುವಿನ ವೇಗದಲ್ಲಿ, ಗೇರ್ ಬದಲಾದ ಮರುಗಳಿಗೆಯಲ್ಲಿ. ಹಾಗಾಗಿ ರಸ್ತೆಯ ಹೊಂದಾಣಿಕೆಯನ್ನು ಗರಿಷ್ಠ ಅಂಕಿಯಿಂದ ಅಳೆಯದೆ, ಪಲ್ಲಟದ ಎರಡೂ ಬದಿಯ ಟಾರ್ಕ್ ಎಷ್ಟು ಸಮವಾಗಿದೆ ಎಂಬುದರಿಂದ ಅಳೆಯುವುದು ಸೂಕ್ತ. ಸದ್ದು ಬದಲಾಗಿಯೂ ಎಳೆತ ಬದಲಾಗದಿದ್ದರೆ ಕೆಲಸ ಸರಿಯಾಗಿದೆ.