ನಮ್ಮೂರ ಹೆಸರಿನ ಅರ್ಕಾವತ್ತು ಮತ್ತು ಗಿಂಪ್‌ನ ಕಥೆ

ಕಂಪ್ಯೂಟರಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಲು ನಮ್ಮೂರಿನ ಹೆಸರಿಗಿಂತ ಒಳ್ಳೆಯ ಪದ ಬೇಕಿಲ್ಲ. ಸಿರ್ಗಾಪುರ. ಬಾಯಲ್ಲಿ ಹೇಳುವಾಗ ರಕಾರ ಮೊದಲು, ಗಾ ಆಮೇಲೆ. ಬರೆಯುವಾಗ ಗಾ ಮೊದಲು, ರಕಾರ ಅರ್ಕಾವತ್ತಾಗಿ ಅದರ ಬೆನ್ನಿಗೆ ಬರುತ್ತದೆ. ತೆಲುಗಿನಲ್ಲಿ ಹೀಗಿಲ್ಲ, ಅಲ್ಲಿ ರ ಬರೆದು ಅದರ ಕೆಳಗೆ ಗ ಒತ್ತು ಕೊಡುತ್ತಾರೆ. ನಮ್ಮ ಮಕ್ಕಳು ಬಸ್ಸಿನ ಬೋರ್ಡಿನಲ್ಲಿ ಒಂದು ಬಗೆ, ಶಾಲೆಯ ಕರಿಹಲಗೆಯಲ್ಲಿ ಇನ್ನೊಂದು ಬಗೆ ನೋಡುತ್ತಾ ಬೆಳೆಯುತ್ತಾರೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಾರಾಯಣಖೇಡ ತಾಲ್ಲೂಕು ಮತ್ತು ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಬೀದರ್ ಜಿಲ್ಲೆಯಿಂದ ಮೆದಕ್ ಜಿಲ್ಲೆಗೆ ಹೋದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಿಂದ ಹೈದರಾಬಾದ್ ಜಿಲ್ಲೆಗೆ ಸೇರಿತು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಆದರೆ ಅಂಗಡಿಗೆ ಹೋಗಿ ಗೋಡೆಗೆ ಹಾಕುವ ಅಕ್ಷರಮಾಲೆಯ ಚಾರ್ಟ್ ಕೇಳಿದರೆ ತೆಲುಗಿನದು ಸಿಗುತ್ತದೆ, ಇಂಗ್ಲಿಷಿನದು ಸಿಗುತ್ತದೆ, ಕನ್ನಡದ್ದು ಬೇಕೆಂದರೆ ಬೀದರಿಗೇ ಹೋಗಬೇಕು. ಆದ್ದರಿಂದ ನಮ್ಮಂಥ ಶಾಲೆಗಳಿಗೆ ಚಿತ್ರ ತಿದ್ದುವ ತಂತ್ರಾಂಶ ಒಂದು ಷೋಕಿಯ ವಸ್ತುವಲ್ಲ. ಚಾರ್ಟು, ಮಿಂಚುಪಟ್ಟಿ, ಆಗಸ್ಟ್ 15ರ ಬ್ಯಾನರು, ಎಲ್ಲವನ್ನೂ ನಾವೇ ಮಾಡಿಕೊಳ್ಳಬೇಕು. ದುಡ್ಡಿಲ್ಲದೆ ಸಿಗುವ ಗಿಂಪ್ ಎಂಬ ತಂತ್ರಾಂಶದಲ್ಲಿ ನಮ್ಮ ಅಕ್ಷರ ಸರಿಯಾಗಿ ಮೂಡುವುದಕ್ಕೆ ಎಷ್ಟು ವರ್ಷ ಹಿಡಿಯಿತು, ನಡುವೆ ಏನೇನು ಕೆಟ್ಟಿತು ಎಂಬುದನ್ನು ಇಲ್ಲಿ ನೋಡೋಣ.

ಅಮೆರಿಕದ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಇದನ್ನು ಶುರು ಮಾಡಿದರು. 1996ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಮೊದಲು ಅದರ ಗುಂಡಿ, ಪಟ್ಟಿ, ಕಿಟಕಿಗಳಿಗೆಲ್ಲ ಮೋಟಿಫ್ ಎಂಬ, ಕಾಸು ಕೊಟ್ಟು ಕೊಳ್ಳಬೇಕಾದ ಸಾಮಗ್ರಿ ಬಳಸಿದ್ದರು. ಅದು ಸರಿಬೀಳದೆ ಮ್ಯಾಟಿಸ್ ತಾವೇ ಹೊಸದೊಂದನ್ನು ಕಟ್ಟಿದರು. ಅದೇ ಜಿಟಿಕೆ. ಮುಂದೆ ಗ್ನೋಮ್ ಎಂಬ ಇಡೀ ಡೆಸ್ಕ್‌ಟಾಪ್ ಇದರ ಮೇಲೆಯೇ ನಿಂತಿತು. ಗಿಂಪ್ 1.0 ಹೊರಬಂದದ್ದು 1998ರ ಜೂನ್‌ನಲ್ಲಿ. ಶೇಷಾದ್ರಿ ವಾಸು ಅವರ ಬರಹ ಹೊರಬಂದದ್ದೂ ಅದೇ 1998ರಲ್ಲಿ.

ಆದರೆ ಇವೆರಡೂ ಒಂದನ್ನೊಂದು ಅರಿತಿರಲಿಲ್ಲ. ಆಗಿನ ಗಿಂಪ್‌ನ ಅಕ್ಷರ ಉಪಕರಣಕ್ಕೆ ಗೊತ್ತಿದ್ದದ್ದು ಒಂದು ಅಕ್ಷರ, ಅದರ ಪಕ್ಕ ಇನ್ನೊಂದು ಅಕ್ಷರ, ಇಷ್ಟೇ. ಒತ್ತು ಕೆಳಗೆ ಇಳಿಯಬೇಕು, ಅರ್ಕಾವತ್ತು ಹಿಂದೆ ಹೋಗಬೇಕು ಎಂಬ ಲೆಕ್ಕ ಅದಕ್ಕಿರಲಿಲ್ಲ. ಬರೆದ ಮೇಲೆ ಅದು ಬರೀ ಬಣ್ಣದ ಚುಕ್ಕೆಗಳಾಗಿಬಿಡುತ್ತಿತ್ತು. ಕಾಗುಣಿತ ತಪ್ಪಿದರೆ ಅಳಿಸಿ ಮೊದಲಿನಿಂದ ಬರೆಯಬೇಕು.

ನಮ್ಮ ಕಡೆಯ ಡಿಟಿಪಿಯವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಗಿತ್ತು. ತಲೆಕಟ್ಟು ಒಂದು ಮನೆ, ಕೊಂಬು ಒಂದು ಮನೆ, ಅರ್ಕಾವತ್ತು ಒಂದು ಮನೆ. ಕಂಪ್ಯೂಟರ್ ಅದನ್ನು ಇಂಗ್ಲಿಷ್ ಎಂದೇ ತಿಳಿಯುತ್ತಿತ್ತು, ಕಣ್ಣಿಗೆ ಮಾತ್ರ ಕನ್ನಡ ಕಾಣುತ್ತಿತ್ತು. ಸಾವಿರಾರು ಲಗ್ನಪತ್ರಿಕೆಗಳು ಹೀಗೆಯೇ ಅಚ್ಚಾದವು, ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಗಡಿಯ ಆಚೆಯಿಂದ ತಂದ ಎಷ್ಟೋ ಪ್ರಶ್ನೆಪತ್ರಿಕೆಗಳು ಈಚೆ ಬಂದು ಹೀಗೆ ಮೂಕವಾದವು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. ಆ ಸಂಕೇತಗಳನ್ನು ಓದಿ ಅಕ್ಷರ ಕಟ್ಟುವವರು ಬೇಕಿತ್ತು.

ಆ ಕೆಲಸ ಮಾಡಿದ್ದು ಪ್ಯಾಂಗೋ ಎಂಬ ತಂತ್ರಾಂಶ. ಓವೆನ್ ಟೇಲರ್ ಮತ್ತು ರಾಫ್ ಲೆವಿಯನ್ ಕಟ್ಟಿದ್ದು. ಹೆಸರಿನ ಅರ್ಧ ಗ್ರೀಕ್, ಅರ್ಧ ಜಪಾನಿ: ಪ್ಯಾನ್ ಎಂದರೆ ಎಲ್ಲ, ಗೋ ಎಂದರೆ ಭಾಷೆ. 2004ರ ಮಾರ್ಚ್‌ನಲ್ಲಿ ಬಂದ ಗಿಂಪ್ 2.0 ತನ್ನ ಅಕ್ಷರ ಉಪಕರಣವನ್ನು ಪ್ಯಾಂಗೋ ಕೈಗೆ ಒಪ್ಪಿಸಿತು. ಯೂನಿಕೋಡ್‌ನಲ್ಲಿ ರ, ಹಲಂತ, ಗ, ಆ ಎಂಬ ಕ್ರಮದಲ್ಲಿ ಕೊಟ್ಟದ್ದನ್ನು ಅದು ಫಾಂಟಿನ ನಿಯಮ ನೋಡಿ ರ್ಗಾ ಎಂದು ಜೋಡಿಸುತ್ತದೆ. ಬರೆದ ಅಕ್ಷರ ಅಕ್ಷರವಾಗಿಯೇ ಒಂದು ಪದರದಲ್ಲಿ ಉಳಿಯುತ್ತದೆ, ಮತ್ತೆ ತಿದ್ದಬಹುದು. ಆ ಪದರದ ಮೇಲೆ ಕುಂಚ ಆಡಿಸಿದರೆ ಮಾತ್ರ ಅದು ಚಿತ್ರವಾಗಿ ಬಿಡುತ್ತದೆ, ನೆನಪಿರಲಿ. ಕಾಸು ಕೊಟ್ಟು ಕೊಳ್ಳುವ ಇನ್‌ಡಿಸೈನ್‌ಗೆ ಕನ್ನಡದ ಒತ್ತಕ್ಷರ ಜೋಡಿಸುವ ವ್ಯವಸ್ಥೆ ಬಂದದ್ದು 2012ರ ಸಿಎಸ್6ರಲ್ಲಿ. ಬಿಟ್ಟಿ ಸಾಮಾನು ಇಲ್ಲಿ ಮುಂದಿತ್ತು!

ಅದೇ 2012ರಿಂದ ಪ್ಯಾಂಗೋ ಈ ಜೋಡಣೆಯ ಕೆಲಸವನ್ನು ಹಾರ್ಫ್‌ಬಝ್‌ಗೆ ವಹಿಸಿದೆ. ಈ ಹೆಸರು ಕೇಳಿದರೆ ನಮ್ಮ ಭಾಗದ ಹಿರಿಯರು ನಗುತ್ತಾರೆ. ನಿಜಾಮರ ಕಾಲದಲ್ಲಿ ಉರ್ದು ಓದಿದವರಿಗೆ ಹರ್ಫ್ ಎಂದರೆ ಅಕ್ಷರ ಎಂದು ಹೇಳಿಕೊಡಬೇಕೆ? ಪರ್ಷಿಯನ್‌ನ ಹರ್ಫ್‌ಬಾಝ್, ಅಂದರೆ ತೆರೆದ ಅಕ್ಷರ.

ಇನ್ನು ಸ್ಕ್ರಿಪ್ಟುಗಳ ವಿಷಯ. ಅ ದಿಂದ ಳ ವರೆಗೆ 49 ಮಿಂಚುಪಟ್ಟಿ ಮಾಡಬೇಕು ಎನ್ನಿ. 49 ಸಲ ಒಂದೇ ಕೆಲಸ ಮಾಡುವ ಬದಲು ಒಂದು ಚಿಕ್ಕ ಕಡತದಲ್ಲಿ ಹಂತಗಳನ್ನು ಬರೆದಿಟ್ಟರೆ ಗಿಂಪ್ ತಾನೇ ಮಾಡುತ್ತದೆ. ಇದಕ್ಕೆ ಸ್ಕ್ರಿಪ್ಟ್-ಫೂ ಎಂದು ಹೆಸರು. ಬಳಸುವ ಭಾಷೆ ಸ್ಕೀಮ್. ಅದನ್ನು ಓದಿ ನಡೆಸುವ ಯಂತ್ರ ಮೊದಲು ಸಿಯೋಡ್ ಎಂಬುದಾಗಿತ್ತು. ಅದು ಬಹಳ ಸಡಿಲ ಸ್ವಭಾವದ್ದು. ಒಂದು ಹೆಸರನ್ನು ಮೊದಲೇ ಘೋಷಿಸದೆ ನೇರವಾಗಿ ಬೆಲೆ ಕೊಟ್ಟರೂ ಸುಮ್ಮನಿರುತ್ತಿತ್ತು. ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗನನ್ನೂ ಊಟಕ್ಕೆ ಕೂರಿಸಿದ ಹಾಗೆ. 2007ರಲ್ಲಿ ಗಿಂಪ್ 2.4 ಬಂದಾಗ ಅದರ ಜಾಗಕ್ಕೆ ಟೈನಿಸ್ಕೀಮ್ ಬಂತು. ಇದು ಶಿಸ್ತಿನ ಮೇಷ್ಟ್ರು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ‘ಅನ್‌ಬೌಂಡ್ ವೇರಿಯಬಲ್’ ಎಂದು ಹೇಳಿ ನಿಂತುಬಿಡುತ್ತದೆ. ಜಗತ್ತಿನಾದ್ಯಂತ ಜನ ಬರೆದಿದ್ದ ಹಳೆಯ ಸ್ಕ್ರಿಪ್ಟುಗಳು ಆ ವರ್ಷ ಹೀಗೆ ಕೆಟ್ಟು ನಿಂತವು.

ರಿಪೇರಿ ಕಷ್ಟದ್ದಲ್ಲ. ಸ್ಕ್ರಿಪ್ಟ್ ಎಂದರೆ ಸಾದಾ ಪಠ್ಯದ ಕಡತ, ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. ದೋಷದ ಸಂದೇಶದಲ್ಲಿ ಯಾವ ಹೆಸರು ಬಂದಿದೆ ನೋಡಿ, ಮೇಲಿನ ‘ಲೆಟ್’ ಸಾಲಿನ ಆವರಣದೊಳಗೆ ಆ ಹೆಸರು ಸೇರಿಸಿ ಪಕ್ಕದಲ್ಲಿ ಸೊನ್ನೆ ಇಟ್ಟರೆ ಸಾಕು. ಎರಡನೆಯ ದೋಷ, ‘ಕಾರ್’ ಎಂಬ ಪದ ಬಿಟ್ಟುಹೋಗುವುದು. ಗಿಂಪ್ ಕೊಡುವ ಉತ್ತರ ಒಂದೇ ಕಾಳಾದರೂ ಚೀಲದಲ್ಲಿಯೇ ಬರುತ್ತದೆ. ಚೀಲದ ಬಾಯಿ ಬಿಚ್ಚಿ ಕಾಳು ತೆಗೆಯುವ ಪದ ಅದು. ತಿದ್ದಿದ ಮೇಲೆ ಫಿಲ್ಟರ್ಸ್ ಪಟ್ಟಿಯ ಸ್ಕ್ರಿಪ್ಟ್-ಫೂ ಒಳಗೆ ರಿಫ್ರೆಶ್ ಸ್ಕ್ರಿಪ್ಟ್ಸ್ ಒತ್ತಿರಿ.

ಸ್ಕ್ರಿಪ್ಟಿನೊಳಗೇ ಕನ್ನಡ ಬರೆದವರಿಗೆ ಇನ್ನೊಂದು ಕಾಟ ಇತ್ತು. ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್ ಕಡತವನ್ನು ಆನ್ಸಿ ಎಂಬ ಬಗೆಯಲ್ಲಿ ಉಳಿಸುತ್ತಿತ್ತು. ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿತ್ತು. ಹಾಗಾದ ಮೇಲೆ ಮರಳಿ ಪಡೆಯುವ ದಾರಿಯಿಲ್ಲ. ಯುಟಿಎಫ್-8 ಎಂದು ನಾವೇ ಆರಿಸಬೇಕಿತ್ತು. 2019ರ ವಿಂಡೋಸ್ 10 ಪರಿಷ್ಕರಣೆಯಿಂದ ಅದೇ ರೂಢಿಯಾಗಿದೆ. ಶಾಲೆಗಳಲ್ಲಿ ಹಳೆಯ ಯಂತ್ರಗಳೇ ಹೆಚ್ಚು, ಆದ್ದರಿಂದ ಉಳಿಸುವ ಮುನ್ನ ಒಮ್ಮೆ ನೋಡಿಕೊಳ್ಳಿ.

2012ರ ಗಿಂಪ್ 2.8ರಲ್ಲಿ ‘ಸೇವ್’ ಒತ್ತಿದರೆ ಜೆಪಿಜಿ ಆಗುವುದಿಲ್ಲ ಎಂದು ಅನೇಕರು ತಂತ್ರಾಂಶವೇ ಕೆಟ್ಟಿತು ಎಂದುಕೊಂಡರು. ಕೆಟ್ಟಿಲ್ಲ, ಅದಕ್ಕೆ ‘ಎಕ್ಸ್‌ಪೋರ್ಟ್’ ಒತ್ತಬೇಕು. ಸೇವ್ ಎಂದರೆ ಪದರಗಳ ಸಮೇತ ಎಕ್ಸ್‌ಸಿಎಫ್ ಕಡತ ಮಾತ್ರ. ಕುಂಚ ಬಣ್ಣ ಬಿಡುತ್ತಿಲ್ಲವೆಂದರೆ ಎಲ್ಲೋ ಮೂಲೆಯಲ್ಲಿ ಒಂದು ಆಯ್ಕೆ ಉಳಿದಿರುತ್ತದೆ, ಸೆಲೆಕ್ಟ್ ಪಟ್ಟಿಯಲ್ಲಿ ‘ನನ್’ ಒತ್ತಿದರೆ ಸರಿಹೋಗುತ್ತದೆ.

2025ರ ಮಾರ್ಚ್‌ನಲ್ಲಿ ಗಿಂಪ್ 3.0 ಬಂತು, ಸ್ಕ್ರಿಪ್ಟುಗಳು ಮತ್ತೆ ನಿಂತವು. ಈಗ ಒಂದೇ ಸಲ ಹಲವು ಪದರಗಳನ್ನು ಆರಿಸಬಹುದಾದ್ದರಿಂದ, ಹಳೆಯ ಸ್ಕ್ರಿಪ್ಟುಗಳು ಕೇಳುತ್ತಿದ್ದ ‘ಆ್ಯಕ್ಟಿವ್ ಲೇಯರ್’ ಎಂಬುದು ಇಲ್ಲ, ‘ಸೆಲೆಕ್ಟೆಡ್ ಲೇಯರ್ಸ್’ ಎಂದು ಕೇಳಬೇಕು. ಪೈಥಾನ್ 2ರಲ್ಲಿ ಬರೆದವು ಪೈಥಾನ್ 3ಕ್ಕೆ ಬದಲಾಗಬೇಕು. ಹಳೆಯ ಸ್ಕ್ರಿಪ್ಟ್ ಇಟ್ಟುಕೊಂಡಿರುವ ಶಿಕ್ಷಕ ಮಿತ್ರರು ಮೊದಲು ಅದರ ಇನ್ನೊಂದು ಪ್ರತಿ ಮಾಡಿಟ್ಟುಕೊಂಡು ಆಮೇಲೆ ತಿದ್ದಿರಿ. ಫಾಂಟ್ ಪರೀಕ್ಷೆಗೆ ನಿಮ್ಮೂರ ಹೆಸರಿನಲ್ಲಿ ಅರ್ಕಾವತ್ತು ಇಲ್ಲದಿದ್ದರೆ ನಮ್ಮೂರ ಹೆಸರನ್ನೇ ಬರೆದು ನೋಡಬಹುದು.