ಬಾಲಸಖಿಯ ಎರಡು ಗಂಟೆ

ನಾಲ್ಕನೇ ಕ್ಲಾಸಿನ ಮಗುವಿಗೆ ಓದೋಕೆ ಬರಲ್ಲ ಅಂದ್ರೆ ನಾವು ಸಾಮಾನ್ಯವಾಗಿ ಏನಂತೀವಿ? ಕ್ಲಾಸಲ್ಲಿ ಮಕ್ಕಳು ಜಾಸ್ತಿ, ಮೇಷ್ಟ್ರು ಕಡಿಮೆ ಅಂತೀವಿ. ಇದು ನಿಜಾನಾ ಅಂತ ಮುಂಬೈ ಮತ್ತು ವಡೋದರಾದ ನಗರಪಾಲಿಕೆ ಶಾಲೆಗಳಲ್ಲಿ ಸುಮಾರು 25 ವರ್ಷದ ಹಿಂದೆ ಪರೀಕ್ಷೆ ಮಾಡಿ ನೋಡಿದ್ದಾರೆ. ಇವತ್ತು ಆ ಕಥೆ.

1995ರಲ್ಲಿ ಮುಂಬೈಯಲ್ಲಿ 'ಪ್ರಥಮ್' ಸಂಸ್ಥೆ ಶುರುವಾಯ್ತು. ಅವರ ಒಂದು ಯೋಜನೆ 'ಬಾಲಸಖಿ'. ಅದೇ ಬಡಾವಣೆಯ, ಹೈಸ್ಕೂಲು ಮುಗಿಸಿದ ಒಬ್ಬ ಹುಡುಗಿ. ಅವಳಿಗೆ ಸುಮಾರು ಎರಡು ವಾರದ ತರಬೇತಿ. ಮೂರನೇ, ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಅಕ್ಷರ, ಓದು, ಕೂಡಿಸು-ಕಳೆಯುವುದನ್ನು ಮೊದಲಿಂದ ಕಲಿಸಬೇಕು. ಅಷ್ಟೇ ಕೆಲಸ.

ಆದರೆ ವರ್ಷದ ಕೊನೆಗೆ ಅಂಕ ಜಾಸ್ತಿ ಬಂದರೆ, ಅದು ಬಾಲಸಖಿಯಿಂದಾನೇ ಬಂತು ಅಂತ ಹೇಳೋದು ಹೇಗೆ? ಮಗು ಹೇಗೂ ಒಂದು ವರ್ಷ ದೊಡ್ಡದಾಗಿರುತ್ತಲ್ಲ! ಅದಕ್ಕೇ 2001ರಿಂದ 2003ರವರೆಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಶಾನ್ ಕೋಲ್, ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞರು ಚೀಟಿ ಎತ್ತಿದ ಹಾಗೆ ಶಾಲೆಗಳನ್ನು ಹಂಚಿದರು. ಕೆಲವು ಶಾಲೆಗೆ ಮೂರನೇ ತರಗತಿಗೆ ಬಾಲಸಖಿ, ಉಳಿದವಕ್ಕೆ ನಾಲ್ಕನೇ ತರಗತಿಗೆ. ಯಾವ ಶಾಲೆಗೂ ಬರಿಗೈ ಇಲ್ಲ, ಆದರೂ ಹೋಲಿಸಿ ನೋಡಬಹುದು.

2007ರಲ್ಲಿ ಫಲಿತಾಂಶ ಪ್ರಕಟವಾಯ್ತು. ಬಾಲಸಖಿ ಇದ್ದ ತರಗತಿಗಳ ಅಂಕ ಸ್ಪಷ್ಟವಾಗಿ ಏರಿತ್ತು. ಆದರೆ ನಿಜವಾದ ಪಾಠ ಬೇರೆ ಕಡೆ ಇತ್ತು. ಹಿಂದುಳಿದ ಮಕ್ಕಳು ಹೊರಗೆ ಹೋದಾಗ ಮೇಷ್ಟ್ರ ಮುಂದೆ ಉಳಿಯೋದು ಚಿಕ್ಕ ತರಗತಿ, ಅದೂ ಚುರುಕು ಮಕ್ಕಳು. ಅವರೂ ಮುಂದೆ ಹೋಗಬೇಕಿತ್ತು, ಅಲ್ವಾ? ಹೋಗಲಿಲ್ಲ. ಏರಿಕೆ ಕಂಡಿದ್ದು ಬಹುಮಟ್ಟಿಗೆ ಬಾಲಸಖಿ ಹತ್ತಿರ ಕೂತ ಮಕ್ಕಳಲ್ಲಿ. ಅಂದ್ರೆ ತಲೆ ಎಣಿಕೆ ಕಡಿಮೆ ಮಾಡಿದರೆ ಸಾಲದು, ಮಗು ನಿಂತ ಜಾಗದಿಂದ ಪಾಠ ಶುರುವಾಗಬೇಕು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಕಾರ್ಯಕ್ರಮ ನಿಂತು ಒಂದು ವರ್ಷ ಆಗುವಷ್ಟರಲ್ಲಿ ಲಾಭದ ಬಹುಪಾಲು ಕರಗಿತ್ತು. ಹಾಗಾದರೆ ಇದು ದಿನದ ಶಾಲೆಯೊಳಗೇ ಸೇರಬೇಕು. ಅಲ್ಲೇ ಕಷ್ಟ ಶುರುವಾಗಿದ್ದು.

ಬಿಹಾರದಲ್ಲಿ ಸರ್ಕಾರಿ ಶಿಕ್ಷಕರಿಗೆ ಇದೇ ವಿಧಾನದ ತರಬೇತಿ, ಪುಸ್ತಕ ಎಲ್ಲಾ ಕೊಟ್ಟರು. ಶಾಲಾ ದಿನಗಳಲ್ಲಿ ಫಲ ಕಾಣಲಿಲ್ಲ. ಆದರೆ 2008ರ ಬೇಸಿಗೆ ಶಿಬಿರದಲ್ಲಿ ಸರ್ಕಾರಿ ಶಿಕ್ಷಕರೇ ಕಲಿಸಿದಾಗ ಮಕ್ಕಳು ಕಲಿತರು! ವ್ಯತ್ಯಾಸ ಏನು? ಬೇಸಿಗೆಯಲ್ಲಿ ಪೋರ್ಷನ್ ಮುಗಿಸುವ ಒತ್ತಡ ಇರಲಿಲ್ಲ.

ಮುಂದೆ 2012-13ರಲ್ಲಿ ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕೇ ಮೀಸಲಿಟ್ಟರು. ಮಕ್ಕಳನ್ನು ತರಗತಿ ಬಿಟ್ಟು ಮಟ್ಟದ ಪ್ರಕಾರ ಕೂರಿಸಿದರು, ಮೇಲ್ವಿಚಾರಕರಿಗೂ ತರಬೇತಿ ಕೊಟ್ಟರು. ಹಿಂದಿ ಓದು ಸುಧಾರಿಸಿತು, ಗಣಿತ ಸುಧಾರಿಸಲಿಲ್ಲ.

2019ರಲ್ಲಿ ಬ್ಯಾನರ್ಜಿ, ಡುಫ್ಲೋ ಅವರಿಗೆ ಮೈಕೆಲ್ ಕ್ರೆಮರ್ ಜೊತೆ ನೊಬೆಲ್ ಬಂತು. ಬಾಲಸಖಿಯರ ಹೆಸರು ಯಾರಿಗೂ ಗೊತ್ತಿಲ್ಲ. ಮುಂದಿನ ಸಲ ಪೇರೆಂಟ್ಸ್ ಮೀಟಿಂಗ್‌ಗೆ ಹೋದಾಗ 'ಪೋರ್ಷನ್ ಎಷ್ಟಾಯ್ತು?' ಅನ್ನೋ ಬದಲು, 'ನನ್ನ ಮಗು ಈಗ ಎಲ್ಲಿದೆ?' ಅಂತ ಕೇಳಿ ನೋಡಿ. ಉತ್ತರ ಏನು ಬಂತು ಅಂತ ನಮಗೂ ಬರೆದು ತಿಳಿಸಿ.